ಫೋನ್ ಸರಿಯಿದೆ, ನೆಟ್ ಮಾತ್ರ ನಿಧಾನ: ತಾಮ್ರದ ಲೈನಿನಲ್ಲಿ ಏನು ನೋಡಬೇಕು

ಮಾತಿಗೆ 300ರಿಂದ 3,400 ಹರ್ಟ್ಸ್ ಸಾಕು. ಅದೇ ಜೋಡಿ ತಂತಿಯಲ್ಲಿ ನೆಟ್ ತರುವ ತಂತ್ರ ಎಡಿಎಸ್‌ಎಲ್2+ ಸುಮಾರು 2.2 ಮೆಗಾಹರ್ಟ್ಸ್‌ವರೆಗೆ ಹೋಗುತ್ತದೆ. ಅಷ್ಟನ್ನೂ 4.3125 ಕಿಲೋಹರ್ಟ್ಸ್‌ನ 512 ಓಣಿಗಳಾಗಿ (ಚಾನೆಲ್‌ಗಳಾಗಿ) ಸೀಳಿ, ಶುಚಿಯಾದ ಓಣಿಗೆ ಹೆಚ್ಚೆಂದರೆ 15 ಬಿಟ್ ಹೇರುತ್ತದೆ. ಗದ್ದಲದ್ದಕ್ಕೆ ಎರಡೋ ಮೂರೋ, ಕೆಟ್ಟದ್ದಕ್ಕೆ ಸೊನ್ನೆ. ಅದಕ್ಕೇ ಹಳೇ ಲೈನಿನಲ್ಲೂ ನೆಟ್ ಬರುತ್ತದೆ, ವೇಗ ಮಾತ್ರ ಸೋರಿಹೋಗುತ್ತದೆ.

ಮೋಡೆಮ್ ಪುಟದಲ್ಲಿ ಎರಡು ಅಂಕಿ ನೋಡಿ. ಅಟೆನ್ಯುಯೇಶನ್, ಅಂದರೆ ದಾರಿಯಲ್ಲಿ ಸಿಗ್ನಲ್ ಎಷ್ಟು ಕುಂದಿದೆ ಅನ್ನುವುದು, ಎಕ್ಸ್‌ಚೇಂಜಿನ ದೂರ ಹೇಳುತ್ತದೆ: 0.5 ಮಿಮೀ ತಂತಿಯಲ್ಲಿ ಕಿಲೋಮೀಟರಿಗೆ ಸುಮಾರು 14 ಡಿಬಿ (ಡೆಸಿಬೆಲ್). ಅದಕ್ಕೆ ಮನೆಯಲ್ಲಿ ಮದ್ದಿಲ್ಲ. ಎರಡನೆಯದು ಎಸ್‌ಎನ್‌ಆರ್ ಮಾರ್ಜಿನ್, ಅಂದರೆ ಗದ್ದಲ ತಡೆದುಕೊಳ್ಳಲು ಸಿಗ್ನಲಿಗೆ ಉಳಿದ ಅಂತರ. ಅದು 6 ಡಿಬಿಗಿಂತ ಕೆಳಗೆ ಓಡಾಡುತ್ತಿದ್ದರೆ ಲೈನ್ ಪದೇ ಪದೇ ಕಡಿಯಬಹುದು. ದೂರ ಕಡಿಮೆಯಿದ್ದೂ ಮಾರ್ಜಿನ್ ಕೆಟ್ಟಿದ್ದರೆ ದೋಷ ವೈರಿಂಗಿನಲ್ಲೇ ಇರುವ ಸಾಧ್ಯತೆ ಹೆಚ್ಚು.

ಹೆಚ್ಚಿನವರ ಕಣ್ಣಿಗೆ ಬೀಳದ್ದು ಪ್ಯಾರಲಲ್ ವೈರ್. ಯಾವತ್ತೋ ಮಹಡಿಗೆ ಎಳೆದು, ಫೋನ್ ತೆಗೆದ ಮೇಲೂ ಹಾಗೇ ಬಿಟ್ಟ ತಂತಿ. ಸಿಗ್ನಲ್ ಅದರ ತುದಿ ಮುಟ್ಟಿ ವಾಪಸ್ ಬಂದು, ಮುಖ್ಯ ಸಿಗ್ನಲನ್ನೇ ಹೊಡೆದುಹಾಕುತ್ತದೆ. ತುಂಡಿನ ಉದ್ದ ಸಿಗ್ನಲಿನ ಅಲೆಯುದ್ದದ ನಾಲ್ಕನೇ ಒಂದರಷ್ಟಾದಲ್ಲಿ ಪೆಟ್ಟು ಜೋರು: 50 ಮೀಟರಿನ ತುಂಡು 1 ಮೆಗಾಹರ್ಟ್ಸ್ ಸುತ್ತ, 25 ಮೀಟರಿನದು 2 ಮೆಗಾಹರ್ಟ್ಸ್ ಸುತ್ತ ಗುಂಡಿ ತೋಡುತ್ತದೆ. ಎರಡೂ ಡೌನ್‌ಲೋಡ್ ಓಣಿಗಳೇ. ಮಾತಿಗೆ ಏನೂ ಆಗದ ಕಾರಣ ಫೋನ್ ಹಚ್ಚಿ ನೋಡಿದವರು "ಲೈನ್ ಚೆನ್ನಾಗಿದೆ" ಅಂದುಬಿಡುತ್ತಾರೆ. ತುದಿಯಲ್ಲಿ ಕತ್ತರಿಸಿದರೆ ಸಾಲದು, ಕವಲೊಡೆದ ಜಾಗದಲ್ಲೇ ಬಿಚ್ಚಬೇಕು.

ಮಾತು ಮತ್ತು ನೆಟ್ ಸಿಗ್ನಲನ್ನು ಬೇರೆ ಮಾಡುವ ಪೆಟ್ಟಿಗೆ, ಸ್ಪ್ಲಿಟರ್, ಲೈನ್ ಮನೆಯೊಳಗೆ ಬಂದ ಕಡೆಯೇ ಇರಲಿ. ಅದರಿಂದ ಮೋಡೆಮಿಗೆ ನೇರ ತಂತಿ, ಫೋನ್‌ಗಳೆಲ್ಲ ಸ್ಪ್ಲಿಟರಿನ ಇನ್ನೊಂದು ಕವಲಿಗೆ. ಒಂದೇ ಒಂದು ಫೋನ್ ಫಿಲ್ಟರ್ ಇಲ್ಲದೆ ಉಳಿದರೂ ರಿಸೀವರ್ ಎತ್ತಿದಾಗ ನೆಟ್ ಹೋಗಬಹುದು. ಒಳಗಿನ ಚಪ್ಪಟೆ ವೈರ್ ಬದಲಿಸಿ ಕ್ಯಾಟ್-5 ಹಾಕುವಾಗ ನೀಲಿ ಮತ್ತು ನೀಲಿ-ಬಿಳಿ ಎಳೆಗಳನ್ನೇ ಬಳಸಿ. ನೀಲಿಗೆ ಕಿತ್ತಳೆ ಸೇರಿಸಿದರೆ ಜೋಡಿ ಎಳೆ ಒಂದಕ್ಕೊಂದು ಹೆಣೆದು ಗದ್ದಲ ತಡೆಯುವ ಲಾಭವೇ ಇಲ್ಲ.

ಕೈಯಲ್ಲಿ ತಿರುಚಿ ಟೇಪ್ ಸುತ್ತಿದ ಜಾಯಿಂಟು ಮಳೆಗಾಲದಲ್ಲಿ ಹಸಿರುಗಟ್ಟುತ್ತದೆ. ಫೋನ್ ಹಚ್ಚಿ ಒಂದು ಅಂಕಿ ಒತ್ತಿ, ಟೋನ್ ನಿಂತ ಮೇಲೆ ಕಿವಿಗೊಡಿ: ಕರಕರ ಅಂದರೆ ಜಾಯಿಂಟ್ ಮೇಲೇ ಅನುಮಾನ. ಹೊಳೆಯುವ ತಾಮ್ರ ಸಿಗುವವರೆಗೂ ಕತ್ತರಿಸಿ, ಜೆಲ್ ತುಂಬಿದ ಕನೆಕ್ಟರಿಗೆ ಸಿಪ್ಪೆ ಸುಲಿಯದೆ ತೂರಿಸಿ, ಇಕ್ಕಳದಲ್ಲಿ ಮುಚ್ಚಳ ಸಮ ಆಗುವಷ್ಟು ಒತ್ತಿ.

ದೂರು ಕೊಡುವ ಮುಂಚೆ ಮನೆಯ ವೈರಿಂಗ್ ಪೂರ್ತಿ ಬಿಚ್ಚಿ, ಹೊರಗಿಂದ ಬರುವ ಡ್ರಾಪ್ ವೈರಿಗೆ ಮೋಡೆಮ್ ನೇರ ಕಟ್ಟಿ ಅದೇ ಎರಡು ಅಂಕಿ ಬರೆದಿಟ್ಟುಕೊಳ್ಳಿ. ಆಗಲೂ ಕೆಟ್ಟದಾಗಿದ್ದರೆ ಲೈನ್‌ಮನ್‌ಗೆ ಬೀದಿಯ ಡಿಪಿ ಪೆಟ್ಟಿಗೆಯಿಂದಲೇ (ಮನೆಗಳಿಗೆ ಲೈನ್ ಹಂಚುವ ಪೆಟ್ಟಿಗೆ) ನೋಡಲು ಹೇಳಿ.