ಸುಕ್ಕಾಗದ ಕಿರುಬೆರಳು

ಮೇಜಿನ ಮುಂದೆ ಒಂದು ರಟ್ಟಿನ ಫಲಕ. ಅದರ ಮೇಲೆ ದಪ್ಪ ಅಕ್ಷರದಲ್ಲಿ ‘ವಿಜ್ಞಾನದ ಬಗ್ಗೆ ಏನು ಬೇಕಾದರೂ ಕೇಳಿ’ ಅಂತ ಬರೆದಿತ್ತು. ಮೇಜಿನ ಹಿಂದೆ ನಾನು. ವಿಜ್ಞಾನ ಕೇಂದ್ರವೊಂದು ವರ್ಷಕ್ಕೊಮ್ಮೆ ಬಾಗಿಲು ತೆರೆದು ಎಲ್ಲರನ್ನೂ ಒಳಗೆ ಬಿಡುವ ದಿನ ಅದು. ಭೌತಶಾಸ್ತ್ರ ಪಾಠ ಮಾಡುವವಳು ಅಲ್ವಾ, ಏನು ಕೇಳಿದರೂ ಹೇಳುತ್ತಾಳೆ ಎಂದು ನನ್ನನ್ನು ಆ ಕುರ್ಚಿಯಲ್ಲಿ ಕೂರಿಸಿದ್ದರು.

ಹಿಂದಿನ ರಾತ್ರಿ ಪರೀಕ್ಷೆಗೆ ಓದುವವರ ಹಾಗೆ ಓದಿಕೊಂಡಿದ್ದೆ. ಕಪ್ಪುಕುಳಿ, ಗುರುತ್ವದ ಅಲೆ, ಹಿಗ್ಸ್ ಬೋಸಾನ್. ಯಾರು ಎಲ್ಲಿಂದ ಕೇಳಿದರೂ ಸಿಕ್ಕಿಬೀಳಬಾರದು ಅನ್ನುವ ಹಟ. ಮೊದಲ ಅರ್ಧ ಗಂಟೆಯಲ್ಲಿ ಬಂದ ಪ್ರಶ್ನೆಗಳು ಮೂರೇ. ಶೌಚಾಲಯ ಎಲ್ಲಿದೆ? ಕುಡಿಯುವ ನೀರು ಎಲ್ಲಿದೆ? ಮೇಜಿನ ಮೇಲಿರುವ ಪೆನ್ನು ಸುಮ್ನೆ ಕೊಡ್ತೀರಾ?

ಆಮೇಲೆ ಒಬ್ಬ ಹೆಂಗಸು ಬಂದರು. ಜೊತೆಗೆ ಗಂಡ. ಕುರ್ಚಿ ಎಳೆದುಕೊಂಡು ಕೂತು ಕೇಳಿದರು. “ಮೇಡಂ, ಹೊರಗೆ ಹೋಗುವಾಗ ಫ್ಯಾನ್ ಹಾಕಿಟ್ಟು ಹೋದರೆ ವಾಪಸ್ ಬರುವಷ್ಟರಲ್ಲಿ ರೂಮು ತಣ್ಣಗಾಗಿರುತ್ತೆ, ಅಲ್ವಾ?”

ಪಕ್ಕದಲ್ಲಿ ನಿಂತಿದ್ದ ಗಂಡನ ಮುಖ ನೋಡಿದರೆ ಇದು ಇವತ್ತಿನ ಪ್ರಶ್ನೆ ಅಲ್ಲ ಅಂತ ಗೊತ್ತಾಗುತ್ತಿತ್ತು. ಮನೆಯಲ್ಲಿ ವರ್ಷಗಟ್ಟಲೆ ನಡೆದ ಜಗಳಕ್ಕೆ ಪಂಚಾಯಿತಿ ಮಾಡಲು ನನ್ನ ಹತ್ತಿರ ಬಂದಿದ್ದರು. (ಆ ದಿನ ಬಂದ ಪ್ರಶ್ನೆಗಳಲ್ಲಿ ಅರ್ಧದಷ್ಟು ಇಂಥವೇ. ಕೇಳುವವರಿಗೆ ಉತ್ತರಕ್ಕಿಂತ ತೀರ್ಪು ಬೇಕಾಗಿರುತ್ತದೆ.)

“ಫ್ಯಾನು ಗಾಳಿಯನ್ನು ತಣ್ಣಗೆ ಮಾಡಲ್ಲ” ಅಂದೆ. ಅವರು ನಂಬಲಿಲ್ಲ. ನಂಬಬೇಕಾಗಿಯೂ ಇರಲಿಲ್ಲ, ಫ್ಯಾನಿನ ಕೆಳಗೆ ಕೂತರೆ ತಂಪಾಗುವುದು ಅವರ ಮೈಗೇ ಗೊತ್ತಲ್ಲ. ಪಕ್ಕದ ರಸಾಯನಶಾಸ್ತ್ರದ ಮೇಜಿನಿಂದ ಒಂದು ಥರ್ಮಾಮೀಟರ್ ಇಸಕೊಂಡು ಬಂದೆ. ಟೇಬಲ್ ಫ್ಯಾನಿನ ಎದುರು ಹಿಡಿದೆವು. 31 ಡಿಗ್ರಿ. ಫ್ಯಾನ್ ನಿಲ್ಲಿಸಿದೆವು. 31 ಡಿಗ್ರಿ. ಆಮೇಲೆ ಕರವಸ್ತ್ರದ ತುದಿಯನ್ನು ನೀರಲ್ಲಿ ಅದ್ದಿ ಥರ್ಮಾಮೀಟರಿನ ಬುಡಕ್ಕೆ ಸುತ್ತಿ, ಮತ್ತೆ ಫ್ಯಾನ್ ಹಾಕಿದೆವು. ನೋಡನೋಡುತ್ತಲೇ ಇಳಿಯಿತು. 29, 28, 26.

“ಆ ಒದ್ದೆ ಬಟ್ಟೆ ನಮ್ಮ ಬೆವರು” ಅಂದೆ. “ಬೆವರು ಆರುವಾಗ ಮೈಯ ಶಾಖ ಎಳೆದುಕೊಂಡು ಹೋಗುತ್ತೆ. ಫ್ಯಾನು ಅದನ್ನು ಬೇಗ ಆರಿಸುತ್ತೆ, ಅಷ್ಟೆ. ರೂಮಿನಲ್ಲಿ ಯಾರೂ ಇಲ್ಲ ಅಂದ್ರೆ ಆರಿಸೋಕೆ ಬೆವರೇ ಇರಲ್ಲ.”

“ಹಾಗಾದ್ರೆ ರೂಮು?”

“ಒಂಚೂರು ಬಿಸಿಯಾಗುತ್ತೆ. ಫ್ಯಾನು 70 ವ್ಯಾಟ್ ಎಳೆದರೆ ಅಷ್ಟೂ ಕೊನೆಗೆ ಶಾಖವಾಗಿ ಅದೇ ರೂಮಿಗೆ ಸೇರುತ್ತೆ.”

ಗಂಡ ಗೆದ್ದ ನಗು ನಕ್ಕರು. ಆಕೆ ಮಾತ್ರ ಎದ್ದೇಳಲಿಲ್ಲ. ಕರವಸ್ತ್ರ ಬಿಚ್ಚಿ, ಮತ್ತೆ ಒದ್ದೆ ಮಾಡಿ, ತಾವೇ ಸುತ್ತಿ, ತಾವೇ ಹಿಡಿದು ನೋಡಿದರು. ನನ್ನ ಮಾತಿಗಿಂತ ಆ ಥರ್ಮಾಮೀಟರ್ ಮೇಲೆ ಅವರಿಗೆ ನಂಬಿಕೆ ಜಾಸ್ತಿ. ಅದು ಸರಿಯಾದದ್ದೇ. ಆದರೆ ಅದು ನನಗೆ ಆಗ ಹೊಳೆಯಲಿಲ್ಲ. ಮೊದಲ ಗಿರಾಕಿ ಸಲೀಸಾಗಿ ಹೋಯಿತು ಅಂತ ಒಳಗೊಳಗೇ ಬೀಗಿದೆ.

ಅಲ್ಲಿಂದ ಜನ ಬರುತ್ತಲೇ ಇದ್ದರು. ಒದ್ದೆ ಬಟ್ಟೆ ಯಾಕೆ ಕಪ್ಪಗೆ ಕಾಣುತ್ತೆ, ಕಬ್ಬಿಣದ ಕುರ್ಚಿ ಮರದ ಕುರ್ಚಿಗಿಂತ ಯಾಕೆ ತಣ್ಣಗಿರುತ್ತೆ (ತಣ್ಣಗಿರಲ್ಲ, ಕೈಯ ಶಾಖವನ್ನು ಬೇಗ ಎಳೆದುಕೊಳ್ಳುತ್ತೆ), ಮಿಂಚಿಗೂ ಗುಡುಗಿಗೂ ನಡುವೆ ಎಣಿಸಿದರೆ ದೂರ ಗೊತ್ತಾಗುತ್ತಂತೆ ಹೌದಾ. ಹೌದು, ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್.

ಒಬ್ಬ ಅಜ್ಜ ಬಂದು, ಹುಟ್ಟುವಾಗ ಚಂದ್ರ ತಟ್ಟೆಯಷ್ಟಿರುತ್ತಾನೆ, ನೆತ್ತಿಗೆ ಬಂದಾಗ ಬಿಲ್ಲೆಯಷ್ಟಾಗುತ್ತಾನೆ, ಯಾಕೆ ಅಂದರು. “ತೋಳು ಚಾಚಿ ಕಿರುಬೆರಳು ಅಡ್ಡ ಹಿಡಿಯಿರಿ ಅಜ್ಜ. ಎರಡು ಹೊತ್ತಿನಲ್ಲೂ ಆ ಬೆರಳಿಗೆ ಚಂದ್ರ ಪೂರ್ತಿ ಮುಚ್ಚಿಹೋಗ್ತಾನೆ” ಅಂದೆ. ನಿಜ ಹೇಳಬೇಕೆಂದರೆ ಅಂಚಿನಲ್ಲಿರುವಾಗ ಚಂದ್ರ ನಮ್ಮಿಂದ ಇನ್ನೂ ಸ್ವಲ್ಪ ದೂರವೇ. ಭೂಮಿಯ ಅರ್ಧ ಅಗಲ, ಅಂದರೆ 6,400 ಕಿಲೋಮೀಟರಿನಷ್ಟು ಹೆಚ್ಚು. ಹಾಗಾಗಿ ಅಳೆದರೆ ಒಂದು ಕೂದಲೆಳೆ ಚಿಕ್ಕವನೇ. ದೊಡ್ಡದು ಮಾಡುವುದು ನಮ್ಮ ತಲೆ. ತಲೆ ಹಾಗೆ ಯಾಕೆ ಮಾಡುತ್ತದೆ ಅನ್ನುವುದಕ್ಕೆ ಎಲ್ಲರೂ ಒಪ್ಪುವ ಒಂದೇ ವಿವರಣೆ ಇವತ್ತಿಗೂ ಇಲ್ಲ. “ಬಗ್ಗಿ ಕಾಲಿನ ಸಂದಿಯಿಂದ ನೋಡಿದರೆ ಅಷ್ಟು ದೊಡ್ಡದಾಗಿ ಕಾಣಲ್ಲವಂತೆ” ಅಂದೆ. ಅಜ್ಜ ತಮ್ಮ ಸೊಂಟ ಮುಟ್ಟಿಕೊಂಡು, “ಅದನ್ನ ಮೊಮ್ಮಗನ ಕೈಲಿ ಮಾಡಿಸ್ತೀನಿ ಬಿಡು” ಅಂದರು.

ಇಷ್ಟರಲ್ಲಿ ನನಗೆ ಒಂದು ಲಯ ಸಿಕ್ಕಿಬಿಟ್ಟಿತ್ತು. ಪ್ರಶ್ನೆ ಅರ್ಧಕ್ಕೆ ಬರುವಷ್ಟರಲ್ಲಿ ಉತ್ತರ ಬಾಯಿತುದಿಯಲ್ಲಿರುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಎಂಟೊಂಬತ್ತು ವರ್ಷದ ಹುಡುಗಿ ಬಂದಳು. ಎರಡು ಜಡೆ, ಒಂದರ ರಿಬ್ಬನ್ ಬಿಚ್ಚಿಹೋಗಿತ್ತು. “ನೀರಲ್ಲಿ ತುಂಬ ಹೊತ್ತು ಆಡಿದ್ರೆ ಬೆರಳು ಯಾಕೆ ಸುಕ್ಕಾಗುತ್ತೆ?”

“ಚರ್ಮ ನೀರು ಕುಡಿದು ಉಬ್ಬುತ್ತೆ ಪುಟ್ಟಿ. ಉಬ್ಬಿದ ಚರ್ಮಕ್ಕೆ ಹರಡಿಕೊಳ್ಳೋಕೆ ಜಾಗ ಸಾಲಲ್ಲ. ಅದಕ್ಕೆ ಮಡಿಕೆ ಬೀಳುತ್ತೆ.” ಕೈಯಲ್ಲಿದ್ದ ಕಾಗದವನ್ನು ಎರಡು ಕಡೆಯಿಂದ ಒತ್ತಿ ಮಡಿಕೆ ಮಾಡಿಯೂ ತೋರಿಸಿದೆ. ಅವಳಿಗೆ ಖುಷಿಯಾಯಿತು. ಥ್ಯಾಂಕ್ಸ್ ಹೇಳಿ ಓಡಿದಳು.

ಅವಳ ಹಿಂದೆ ಸಾಲಿನಲ್ಲಿ ಒಬ್ಬರು ನಿಂತಿದ್ದರು. ನಲವತ್ತು ದಾಟಿರಬಹುದು. ಮುಂದೆ ಬಂದು ಬಲಗೈ ಮೇಜಿನ ಮೇಲಿಟ್ಟರು. ಮಣಿಕಟ್ಟಿನ ಒಳಗಡೆ ಹಳೆಯ ಗಾಯದ ಗೆರೆ.

“ಮೇಡಂ, ನನ್ನದು ಬೇರೆ ಪ್ರಶ್ನೆ ಇತ್ತು. ಆದ್ರೆ ಈಗ ನೀವು ಹೇಳಿದ್ದು ಕೇಳಿ ಅದು ಮರೆತೇಹೋಯ್ತು. ನನ್ನ ಕೆಲಸ ಗಾಡಿ ತೊಳೆಯೋದು. ಬೆಳಗ್ಗಿಂದ ಸಂಜೆವರೆಗೂ ಕೈ ನೀರಲ್ಲೇ. ಎಲ್ಲ ಬೆರಳೂ ಸುಕ್ಕಾಗುತ್ತೆ. ಈ ಕಿರುಬೆರಳು ಮಾತ್ರ ಆಗಲ್ಲ.”

ನಾನೇನು ಹೇಳಿದೆ ಅಂತ ಬರೆಯಲು ಈಗಲೂ ನಾಚಿಕೆ. “ಅಲ್ಲಿ ಚರ್ಮ ಗಡುಸಾಗಿರಬಹುದು” ಅಂದೆ. ನೋಡದೆ, ಮುಟ್ಟದೆ, ಒಂದು ಮಾತೂ ಕೇಳದೆ. ಕುರ್ಚಿಯಲ್ಲಿ ಕೂತವಳು ಏನಾದರೂ ಹೇಳಲೇಬೇಕು ಅನ್ನುವ ಚಟ ಅದು.

ಅವರು ಕೈ ತಿರುಗಿಸಿ ನೋಡಿಕೊಂಡರು. “ಕೆಲಸಕ್ಕೆ ಜಾಸ್ತಿ ಬೀಳೋದು ಹೆಬ್ಬೆರಳು, ತೋರುಬೆರಳು. ಗಡುಸಾದ್ರೆ ಮೊದಲು ಅವು ಆಗಬೇಕಲ್ವಾ? ಕಿರುಬೆರಳು ಸುಮ್ನೆ ಜೊತೆಗಿರುತ್ತೆ.”

ನನ್ನ ಹತ್ತಿರ ಉತ್ತರ ಇರಲಿಲ್ಲ. ಆಗ ಮೊದಲ ಸಲ ಕೇಳಬೇಕಾದ್ದನ್ನು ಕೇಳಿದೆ. ಗಾಯ ಯಾವಾಗ ಆಯಿತು? ಹೇಗೆ? ಅವರು ಹೇಳಿದರು. ಹನ್ನೆರಡು ವರ್ಷದ ಹಿಂದೆ ಕಿಟಕಿ ಗಾಜು ಒಡೆದು ಮಣಿಕಟ್ಟು ಸೀಳಿತ್ತು. ನರ ತುಂಡಾಗಿತ್ತು. ಅವತ್ತಿನಿಂದ ಕಿರುಬೆರಳು ಜೋಮು. ಉಂಗುರದ ಬೆರಳು, ಕಿರುಬೆರಳಿನ ಕಡೆಯ ಅರ್ಧ ಮಾತ್ರ ಜೋಮು, ಇನ್ನರ್ಧ ಚೆನ್ನಾಗಿದೆ. “ಸುಕ್ಕೂ ಹಾಗೇ ಮೇಡಂ. ಉಂಗುರದ ಬೆರಳಿಗೆ ಅರ್ಧ ಬರುತ್ತೆ, ಅರ್ಧ ಬರಲ್ಲ.”

ಒಂದೇ ಬೆರಳಿನಲ್ಲಿ ಅರ್ಧ! ಚರ್ಮ ನೀರು ಕುಡಿಯುವುದಷ್ಟೇ ಕಾರಣವಾಗಿದ್ದರೆ ಬೆರಳಿನ ನಡುವೆ ಗೆರೆ ಎಳೆದ ಹಾಗೆ ನಿಲ್ಲಲು ಹೇಗೆ ಸಾಧ್ಯ? ನೀರಿಗೆ ನರದ ಗಡಿ ಗೊತ್ತಿರುತ್ತದೆಯೇ? “ನನಗೆ ಗೊತ್ತಿಲ್ಲ. ಅರ್ಧ ಗಂಟೆ ಕೊಡಿ, ಹುಡುಕಿ ಹೇಳ್ತೀನಿ” ಅಂದೆ. ಬೆಳಗ್ಗಿಂದ ‘ಗೊತ್ತಿಲ್ಲ’ ಅಂದದ್ದು ಅದೇ ಮೊದಲು.

ಊಟದ ಬಿಡುವಿನಲ್ಲಿ ಮೂಲೆಯಲ್ಲಿ ಕೂತು ಫೋನಿನಲ್ಲಿ ಹುಡುಕಿದೆ. ಓದುತ್ತಾ ಹೋದ ಹಾಗೆ ಕಿವಿ ಬಿಸಿಯಾಯಿತು. ನರ ಕೆಟ್ಟ ಬೆರಳು ನೀರಲ್ಲಿ ಸುಕ್ಕಾಗುವುದಿಲ್ಲ ಅನ್ನುವುದನ್ನು ಲೂಯಿಸ್ ಮತ್ತು ಪಿಕರಿಂಗ್ ಅನ್ನುವ ವೈದ್ಯರು 1936ರಲ್ಲೇ ಬರೆದಿಟ್ಟಿದ್ದಾರೆ. ನೀರು ಚರ್ಮದೊಳಗೆ ಹೋಗುವುದು ನಿಜ. ಆದರೆ ಸುಕ್ಕು ಮಾಡಿಸುವುದು ನರ. ಬೆರಳು ನೆನೆದದ್ದು ತಿಳಿದ ಕೂಡಲೇ ನರ ಒಳಗಿನ ಸಣ್ಣ ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ಬೆರಳ ತುದಿಯ ತಿರುಳು ಕುಗ್ಗುತ್ತದೆ. ಮೇಲಿನ ಚರ್ಮ ಅಷ್ಟೇ ಇರುವುದರಿಂದ ಒಳಕ್ಕೆ ಎಳೆದ ಹಾಗಾಗಿ ಮಡಿಕೆ ಬೀಳುತ್ತದೆ. ನಾನು ಕಾಗದ ಒತ್ತಿ ತೋರಿಸಿದ್ದು ತಲೆಕೆಳಗು. ಚರ್ಮ ಹಿಗ್ಗಿದ್ದಲ್ಲ, ಒಳಗಿನದು ಕುಗ್ಗಿದ್ದು.

ಇದರಿಂದ ಪ್ರಯೋಜನ ಏನು ಅನ್ನುವುದರ ಮೇಲೆ ಇನ್ನೂ ಜಗಳವಿದೆ. ಒದ್ದೆ ವಸ್ತು ಹಿಡಿಯಲು ಸುಕ್ಕು ಬೆರಳೇ ವಾಸಿ, ಟೈರಿನ ಗೀರಿನ ಹಾಗೆ, ಅಂತ ಬ್ರಿಟನ್ನಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದವರು 2013ರಲ್ಲಿ ಗೋಲಿಗಳನ್ನು ಎತ್ತಿಸಿ ತೋರಿಸಿದರು. ಮರುವರ್ಷ ಇನ್ನೊಂದು ತಂಡ ಅಂಥದ್ದೇ ಪ್ರಯೋಗ ಮಾಡಿದಾಗ ವ್ಯತ್ಯಾಸವೇ ಕಾಣಲಿಲ್ಲ.

ಫೋನು ಕೆಳಗಿಟ್ಟಾಗ ನೆನಪಾದದ್ದು ಟಾಂಜಾನಿಯಾದ ಎರಾಸ್ಟೋ ಎಂಪೆಂಬಾ. 1963ರಲ್ಲಿ ಶಾಲಾ ಹುಡುಗ. ಬಿಸಿ ಹಾಲಿನ ಮಿಶ್ರಣವನ್ನು ಹಾಗೆಯೇ ಫ್ರೀಜರಿನಲ್ಲಿಟ್ಟರೆ ಆರಿಸಿ ಇಟ್ಟದ್ದಕ್ಕಿಂತ ಬೇಗ ಗಟ್ಟಿಯಾಯಿತು, ಯಾಕೆ ಅಂತ ಕೇಳಿದ. ಇದು ಎಂಪೆಂಬಾನ ಭೌತಶಾಸ್ತ್ರ ಅಂತ ಮೇಷ್ಟ್ರು ಗೇಲಿ ಮಾಡಿದರು. ಆಮೇಲೆ ಶಾಲೆಗೆ ಬಂದ ಡೆನಿಸ್ ಆಸ್ಬಾರ್ನ್ ಅನ್ನುವ ಪ್ರಾಧ್ಯಾಪಕರಿಗೂ ಅದನ್ನೇ ಕೇಳಿದ. ಆಸ್ಬಾರ್ನ್‌ಗೂ ಅದು ನಿಜ ಅನ್ನಿಸಲಿಲ್ಲ, ಆದರೂ ಹೋಗಿ ಮಾಡಿಸಿ ನೋಡಿದರು. 1969ರಲ್ಲಿ ಇಬ್ಬರ ಹೆಸರಲ್ಲೂ ಲೇಖನ ಬಂತು. ಬಿಸಿನೀರು ನಿಜವಾಗಿ ಬೇಗ ಹೆಪ್ಪುಗಟ್ಟುತ್ತದೆಯೇ ಅನ್ನುವ ವಾದ ಇನ್ನೂ ಮುಗಿದಿಲ್ಲ, ಅದು ಬೇರೆ ಮಾತು. ಈ ಕಥೆಯನ್ನು ನಾನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೋ. ಹೇಳುವಾಗಲೆಲ್ಲ ನನ್ನನ್ನು ಆಸ್ಬಾರ್ನ್ ಜಾಗದಲ್ಲಿ ಇಟ್ಟುಕೊಂಡೇ ಹೇಳಿದ್ದೆ. ಅವತ್ತು ನಾನು ಮೇಷ್ಟ್ರ ಜಾಗದಲ್ಲಿದ್ದೆ.

ಅವರನ್ನು ಹುಡುಕಿಕೊಂಡು ಹೋದೆ. ದೂರದರ್ಶಕದ ಸಾಲಿನಲ್ಲಿ ನಿಂತಿದ್ದರು. “ನೀವು ಹೇಳಿದ್ದೇ ಸರಿ. ನಾನು ಹೇಳಿದ್ದು ತಪ್ಪು” ಅಂತ ಶುರು ಮಾಡಿ ಎಲ್ಲ ಹೇಳಿದೆ. ಮಾತು ಬಾರದ ಸಣ್ಣ ಮಕ್ಕಳಲ್ಲಿ ನರ ಸರಿಯಿದೆಯೇ ಎಂದು ತಿಳಿಯಲು ಕೈಯನ್ನು ಬೆಚ್ಚಗಿನ ನೀರಲ್ಲಿ ಇಡಿಸಿ ನೋಡುವ ಪದ್ಧತಿಯೂ ಇದೆ ಅಂದೆ.

ಅವರು ಒಂದು ನಿಮಿಷ ಸುಮ್ಮನಿದ್ದರು.

“ಹೊಲಿಗೆ ಬಿಚ್ಚಿದ ಮೇಲೆ ನನಗೂ ಡಾಕ್ಟ್ರು ಬೋಗುಣಿ ನೀರಲ್ಲಿ ಕೈ ಇಡಿಸಿದ್ರು. ಕೈ ತೊಳೀಲಿ ಅಂತ ಮಾಡಿಸ್ತಿದಾರೆ ಅಂದ್ಕೊಂಡಿದ್ದೆ. ಆಮೇಲೆ ನೋಡಿ, ಏನೋ ಬರ್ಕೊಂಡು, ಹೋಗಿ ಅಂದ್ರು.” ಬೆರಳನ್ನು ಒಂದು ಸಲ ಬಗ್ಗಿಸಿ ನೆಟ್ಟಗೆ ಮಾಡಿದರು. “ಅದಕ್ಕಾ!”

ಹನ್ನೆರಡು ವರ್ಷ ಅವರು ಆ ಬೆರಳನ್ನು ನೋಡುತ್ತಲೇ ಇದ್ದರು. ಅವರಿಗೆ ಯಾರೂ ಹೇಳಿರಲಿಲ್ಲ. ನನಗೆ ಯಾರೂ ಕೇಳಿರಲಿಲ್ಲ.

ವಾಪಸ್ ಬಂದು ಕೂತ ಮೇಲೆ ನಾನು ನಿಧಾನವಾದೆ. ಯಾರು ಏನು ಕೇಳಿದರೂ ‘ನೀವು ಎಲ್ಲಿ ನೋಡಿದ್ರಿ? ಯಾವಾಗ ಹಾಗಾಗುತ್ತೆ?’ ಅಂತ ಮೊದಲು ಕೇಳಲು ಶುರು ಮಾಡಿದೆ. ಸಾಲು ಉದ್ದವಾಯಿತು. ಕೆಲವರು ಬೇಸರದಿಂದ ಎದ್ದುಹೋದರು, ಅದನ್ನೂ ಹೇಳಬೇಕು. ಆಕಾಶ ಯಾಕೆ ನೀಲಿ ಅಂತ ಕೇಳಿದ ಒಬ್ಬ ಹುಡುಗನಿಗೆ, ಗಾಳಿಯ ಅಣುಗಳು ಕೆಂಪಿಗಿಂತ ನೀಲಿ ಬೆಳಕನ್ನು ಐದಾರು ಪಟ್ಟು ಹೆಚ್ಚು ಚದುರಿಸುತ್ತವೆ ಅಂತ ಹೇಳಿ ನಿಲ್ಲಿಸಿ, “ಇದರಲ್ಲಿ ಏನಾದರೂ ತಪ್ಪು ಕಾಣುತ್ತಾ?” ಅಂದೆ. ಅವನು ಸ್ವಲ್ಪ ಯೋಚಿಸಿ, “ಹಾಗಾದ್ರೆ ನೇರಳೆ ಇನ್ನೂ ಜಾಸ್ತಿ ಚದುರಬೇಕಲ್ವಾ? ಆಕಾಶ ನೇರಳೆ ಯಾಕಿಲ್ಲ?” ಅಂದ. ಸೂರ್ಯನ ಬೆಳಕಿನಲ್ಲಿ ನೇರಳೆ ಕಡಿಮೆ, ನಮ್ಮ ಕಣ್ಣಿಗೂ ಅದು ಮಂದ. ಆ ಉತ್ತರ ನನಗೆ ಗೊತ್ತಿತ್ತು. ಆದರೂ ತಕ್ಷಣ ಹೇಳಲು ಮನಸ್ಸಾಗಲಿಲ್ಲ, ಅವನ ಮುಖ ನೋಡುತ್ತಾ ಕೂತಿದ್ದೆ.

ಬಾಗಿಲು ಹಾಕುವವರೆಗೂ ಕಣ್ಣು ಎರಡು ಜಡೆಯನ್ನೇ ಹುಡುಕುತ್ತಿತ್ತು. ಮಹಡಿ ಹತ್ತಿ ಎಲ್ಲ ಕೋಣೆ ಸುತ್ತಿದೆ. ಅವಳು ಹೊರಟುಹೋಗಿದ್ದಳು. ಕಾಗದ ಒತ್ತಿ ಮಡಿಕೆ ಮಾಡಿ, ಯಾರಿಗೋ ನನ್ನ ತಪ್ಪು ಉತ್ತರವನ್ನು ಇಷ್ಟೊತ್ತಿಗೆ ತೋರಿಸಿರುತ್ತಾಳೆ.

ಮರುವರ್ಷವೂ ನನ್ನನ್ನು ಕರೆದರು. ಈ ಸಲ ಏನೂ ಓದಿಕೊಳ್ಳಲಿಲ್ಲ. ಒಂದು ಅಗಲದ ಬೋಗುಣಿ, ಬೆಚ್ಚಗಿನ ನೀರು ತುಂಬಿದ ಫ್ಲಾಸ್ಕು, ಒಂದು ಟವೆಲ್ಲು, ಒಂದು ಗಡಿಯಾರ ತಗೊಂಡು ಹೋದೆ. ಮೊದಲು ಬಂದ ಹುಡುಗ ಫಲಕ ಓದದೆ ನೇರವಾಗಿ ನೀರಿಗೆ ಕೈ ಹಾಕಿದ.

“ಇನ್ನೆಷ್ಟು ಹೊತ್ತು?”

“ಐದು ನಿಮಿಷ ಇರು. ಅಷ್ಟರಲ್ಲಿ ನೀನೇ ಹೇಳು, ಏನಾಗಬಹುದು?”

“ಸುಕ್ಕಾಗುತ್ತೆ, ಅಷ್ಟೇ ತಾನೇ” ಅಂದ. ಆಮೇಲೆ ನೀರೊಳಗೇ ಕೈ ಮಗುಚಿ ನೋಡಿ ಕೇಳಿದ. “ಆಂಟಿ, ಅಂಗೈ ಕಡೆಗೆ ಮಾತ್ರ ಯಾಕೆ? ಹಿಂದುಗಡೆ ಯಾಕಾಗಲ್ಲ?”

ನಾನು ಕುರ್ಚಿ ಎಳೆದುಕೊಂಡು ಅವನ ಪಕ್ಕಕ್ಕೆ ಹೋಗಿ ಕೂತೆ.