ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆದದ್ದು

ಕೆಲವು ವರ್ಷಗಳ ಹಿಂದೆ ಒಂದು ಬಿಪಿ-ಶುಗರ್ ಸರ್ವೇಯಲ್ಲಿ ಫಾರಂಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ಮಾಡುತ್ತಿದ್ದೆ. ಎಲ್ಲಾ ಒಂದೇ ಥರ. ಹೌದು, ಇಲ್ಲ, ಟಿಕ್. ಒಂದು ಉಪಕೇಂದ್ರದ ಸಿಸ್ಟರ್ ಕಳಿಸಿದ ಕಟ್ಟು ಮಾತ್ರ ಬೇರೆ ಇತ್ತು. ‘ಮಾತ್ರೆ ತಪ್ಪದೆ ತಗೊಳ್ತಾರಾ’ ಅನ್ನುವ ಪ್ರಶ್ನೆಗೆ ‘ಇಲ್ಲ’ ಅಂತ ಟಿಕ್ ಹಾಕಿ, ಅಂಚಿನಲ್ಲಿ ಪೆನ್ಸಿಲ್‌ನಿಂದ ‘ಕಬ್ಬು ಕಡಿಯಾಕ ಹೋಗಿದ್ರು, 4 ತಿಂಗಳು’ ಅಂತ ಬರೆದಿದ್ದರು. ಅಂಥವು ಹತ್ತಾರು. ಸಾಫ್ಟ್‌ವೇರಿನಲ್ಲಿ ಅದಕ್ಕೆ ಜಾಗ ಇರಲಿಲ್ಲ. ‘ಇಲ್ಲ’ ಒತ್ತಿ ಮುಂದೆ ಹೋದೆ. ವರದಿಯಲ್ಲಿ ಆ ಜನರೆಲ್ಲ ಚಿಕಿತ್ಸೆ ಬಗ್ಗೆ ಅಸಡ್ಡೆ ಇರುವವರಾಗಿಬಿಟ್ಟರು.

ನರ್ಸ್‌ಗಳೇ ಅಳೆದು ಬರೆದ ಬೆಳಗಾವಿಯ ಅಧ್ಯಯನ ಆಗ ನನಗೆ ಗೊತ್ತಿರಲಿಲ್ಲ. 2002ರಿಂದ 2005ರವರೆಗೆ ಆ ಜಿಲ್ಲೆಯ ಹಳ್ಳಿಗಳಲ್ಲಿ ನಡೆದದ್ದು. ಹೆರಿಗೆ ಆದಮೇಲೆ ರಕ್ತ ಜಾಸ್ತಿ ಹೋಗುವುದನ್ನು ತಡೆಯಲು ಆಕ್ಸಿಟೋಸಿನ್ ಇಂಜೆಕ್ಷನ್ ಇದೆ, ಆದರೆ ಅದನ್ನು ತಣ್ಣಗೆ ಇಡಬೇಕು, ಸೂಜಿ ಹಾಕುವವರು ಬೇಕು, ಮನೆಯಲ್ಲೇ ಹೆರಿಗೆ ಆಗುವ ಊರಲ್ಲಿ ಇದೆಲ್ಲ ಎಲ್ಲಿಂದ ಬರಬೇಕು? ಮಿಸೊಪ್ರೊಸ್ಟಾಲ್ ಅನ್ನುವ ಮಾತ್ರೆಗೆ ಫ್ರಿಜ್ ಬೇಡ. ಅದು ಕೆಲಸ ಮಾಡುತ್ತದಾ ಅಂತ ನೋಡಬೇಕಿತ್ತು.

1620 ತಾಯಂದಿರು. ಅವರ ಹೆರಿಗೆ ಮಾಡಿಸಿದವರು, ಮಾತ್ರೆ ಕೊಟ್ಟವರು, ಹೋದ ರಕ್ತ ಅಳೆದವರು 25 ಜನ ಎಎನ್‌ಎಂಗಳು, ಅಂದರೆ ಹಳ್ಳಿಗಳಲ್ಲಿ ಹೆರಿಗೆ ಮಾಡಿಸುವ ಸಹಾಯಕ ನರ್ಸ್‌ಗಳು. ಯಾರಿಗೆ ಕೊಟ್ಟದ್ದು ನಿಜವಾದ ಮಾತ್ರೆ, ಯಾರಿಗೆ ಔಷಧಿ ಇಲ್ಲದ ಸುಮ್ನೆ ಮಾತ್ರೆ ಅಂತ ಅವರಿಗೂ ಗೊತ್ತಿರಲಿಲ್ಲ. ರಕ್ತವನ್ನು ಕಣ್ಣಂದಾಜಿನಲ್ಲಿ ಅಳೆದರೆ ಕಡಿಮೆಯೇ ಕಾಣುತ್ತದೆ, ಬಟ್ಟೆ ಹೀರಿಕೊಂಡಿರುತ್ತದೆ, ನೆಲಕ್ಕೆ ಹೋಗಿರುತ್ತದೆ. ಅದಕ್ಕೆ ಬಾಣಂತಿಯ ಕೆಳಗೆ ಒಂದು ಪ್ಲಾಸ್ಟಿಕ್ ಹಾಳೆ ಹಾಸುತ್ತಿದ್ದರು. ಅದರ ತುದಿ ಲಾಳಿಕೆ ಥರ ಇಳಿದು ಚೀಲವಾಗುತ್ತದೆ, ಚೀಲದ ಮೇಲೆ ಮಿಲಿಲೀಟರ್ ಗೆರೆಗಳು. ಅರ್ಧ ಲೀಟರ್ ದಾಟಿದರೆ ಅತಿ ರಕ್ತಸ್ರಾವ.

ಫಲಿತಾಂಶ 2006ರಲ್ಲಿ ‘ಲ್ಯಾನ್ಸೆಟ್’ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಅತಿ ರಕ್ತಸ್ರಾವ ಸುಮ್ನೆ ಮಾತ್ರೆ ತಗೊಂಡವರಲ್ಲಿ ಶೇ. 12, ನಿಜವಾದ ಮಾತ್ರೆ ತಗೊಂಡವರಲ್ಲಿ 6.4. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಕೆಲಸಕ್ಕೆ ಆ ಮಾತ್ರೆಯನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಆ ಗೆರೆಗಳನ್ನು ಓದಿ ಬರೆದ ನರ್ಸ್‌ಗಳ ಕೈಬರಹ ಎಷ್ಟು ದೂರ ಹೋಯಿತು ನೋಡಿ.

ಆದರೂ ನನ್ನದೊಂದು ತಕರಾರಿದೆ. ನಾವು ನರ್ಸ್‌ಗಳಿಗೆ ಅಳೆಯಿರಿ ಅನ್ನುತ್ತೇವೆ, ಏನನ್ನು ಅಳೆಯಬೇಕು ಅಂತ ಕೇಳುವುದಿಲ್ಲ. ಅಮೆರಿಕದಲ್ಲಿ 1965ರಲ್ಲಿ ನರ್ಸ್ ಪ್ರಾಕ್ಟಿಷನರ್, ಅಂದರೆ ತಾವೇ ರೋಗಿ ನೋಡಿ ಚಿಕಿತ್ಸೆ ಕೊಡುವ ನರ್ಸ್‌ಗಳ ತರಬೇತಿ ಶುರು ಮಾಡಿದ ಇಬ್ಬರಲ್ಲಿ ಒಬ್ಬರು, ಲೊರೆಟ್ಟಾ ಫೋರ್ಡ್, ಸ್ವತಃ ಕೊಲರಾಡೊದ ಹಳ್ಳಿಗಾಡಿನಲ್ಲಿ ಓಡಾಡಿದ ನರ್ಸ್. ಡಾಕ್ಟರ್ ಸಿಗದ ಕಡೆ ಏನು ಕಮ್ಮಿ ಇದೆ ಅಂತ ಆಕೆಗೆ ಬೇರೆ ಯಾರೂ ಹೇಳಬೇಕಿರಲಿಲ್ಲ. ನಮ್ಮ ಹಳ್ಳಿಗಳಲ್ಲಿ ಅದಕ್ಕೆ ಹತ್ತಿರದ ಹುದ್ದೆ ಅಂದರೆ ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿ, ಅಂದರೆ ಸಿಎಚ್‌ಒ. ಹೆಚ್ಚಿನವರು ನರ್ಸಿಂಗ್ ಓದಿದವರೇ. ಅವರ ದಿನವೆಲ್ಲ ಆ್ಯಪ್ ತುಂಬಿಸುವುದರಲ್ಲೇ ಕಳೆದರೆ ಹೇಗೆ?

ಆ ಪೆನ್ಸಿಲ್ ಸಿಸ್ಟರ್ ಕೂಡ ಸಿಎಚ್‌ಒ. ಸರ್ವೇ ಮುಗಿದ ಮೇಲೆ ಒಮ್ಮೆ ಅವರಿಗೆ ಫೋನ್ ಮಾಡಿದೆ. ನಿಮ್ಮ ಟಿಪ್ಪಣಿ ನಾನು ಏರಿಸಲಿಲ್ಲ, ಕ್ಷಮಿಸಿ ಅಂದೆ. ನಕ್ಕರು.

“ದೀಪಾವಳಿ ಆತಂದ್ರ ಕಬ್ಬು ಕಡಿಯಾಕ ಗಾಡಿ ಹತ್ತತಾರ್ರೀ. ಅದಕ್ಕ ಮೊದಲ ಮೂರ್ ತಿಂಗಳ ಗುಳಗಿ ಕಟ್ಟಿ ಕೊಟ್ರ ಏನಾಗ್ತೈತಿ ನೋಡೂಣು ಅಂತ ಈ ವರ್ಷ ಬರದಿಟ್ಟೇನ್ರೀ. ಒಯ್ದವರು ಒಂದ್ ಕಡೆ, ಒಯ್ಯದವರು ಒಂದ್ ಕಡೆ. ವಾಪಸ್ ಬಂದಾಗ ಇಬ್ಬರದೂ ಬಿಪಿ.”

ನೋಟ್‌ಬುಕ್ಕಿನಲ್ಲಾ ಅಂತ ಕೇಳಿದೆ. ಹೌದಂತೆ, ಮಗಳ ಹಳೇ ನೋಟ್‌ಬುಕ್ಕು. ಮೇಲಿನವರಿಗೆ ತೋರಿಸಿದ್ರಾ ಅಂದರೆ,

“ಯಾರ್ ಕೇಳ್ಯಾರ್ರೀ ಅಕ್ಕಾ?”