ತಕಮತ್ಸುಗೆ ಉಡೋನ್ ತಿನ್ನೋಕೆ ಹೋಗ್ತಿದ್ರೆ ಮಧ್ಯಾಹ್ನ ಎರಡರೊಳಗೆ ಹೋಗಿ

ಮೊದಲ್ನೇ ದಿನವೇ ನಾವು ಏಮಾರಿದ್ವಿ. ಜಪಾನಿನ ತಕಮತ್ಸು ಸ್ಟೇಷನ್ನಲ್ಲಿ ನಾನೂ ಅಮ್ಮನೂ ಇಳಿದು ಹೋಟೆಲ್‌ಗೆ ಬ್ಯಾಗ್ ಹಾಕಿ, ರಿತ್ಸುರಿನ್ ಗಾರ್ಡನ್ ಪೂರ್ತಿ ಒಂದು ಸುತ್ತು ಹೊಡೆದು, ಹೊಟ್ಟೆ ಚುರುಗುಟ್ಟೋಕೆ ಶುರುವಾದ್ಮೇಲೆ, ಅಂದ್ರೆ ಮೂರೂಕಾಲಿಗೆ, ಉಡೋನ್ (ಗೋಧಿ ಹಿಟ್ಟಿನ ದಪ್ಪ ನೂಡಲ್ಸ್) ಅಂಗಡಿ ಹುಡುಕ್ಕೊಂಡು ಹೋದ್ರೆ ಬಾಗಿಲ ಮುಂದಿನ ಬಟ್ಟೆ ಪರದೆ ಎತ್ತಿ ಒಳಗಿಟ್ಟಿದ್ರು. ಆ ಪರದೆ ಹೊರಗಿದ್ರೆ ಮಾತ್ರ ಅಂಗಡಿ ಓಪನ್ ಅಂತ ಲೆಕ್ಕ. ಇನ್ನೆರಡು ಕಡೆ ಹೋದ್ವಿ, ಅಲ್ಲೂ ಅದೇ ಕಥೆ. ಇಲ್ಲಿ ತುಂಬಾ ಅಂಗಡಿಗಳು ಬೆಳಿಗ್ಗೆ ಬೇಗ ತೆಗೆದು ಎರಡು ಮೂರು ಗಂಟೆಗೆ ಮುಚ್ತಾರೆ, ಅವತ್ತು ಮಾಡಿದ ನೂಡಲ್ಸ್ ಖಾಲಿ ಆದ್ರೆ ಅದಕ್ಕಿಂತ ಮುಂಚೇನೇ. ಗೂಗಲ್ ಮ್ಯಾಪ್ ನೋಡಿ ನಂಬ್ಕೊಂಡು ಹೋಗ್ಬೇಡಿ ಅಂತಲ್ಲ, ಆದ್ರೆ ಹೊತ್ತು ನೋಡ್ಕೊಂಡು ಹೋಗಿ. ಅಮ್ಮ ಅವತ್ತು ರಾತ್ರಿ ಬಾಳೆಹಣ್ಣು, ಬ್ರೆಡ್ ತಿಂದು ಮಲಗಿದ್ಲು, ನನಗೆ ಬೈದಿದ್ದು ಇಲ್ಲಿ ಬರೆಯಲ್ಲ.

ಹೋಗೋದು ಸುಲಭ. ಒಸಾಕಾ ಕಡೆಯಿಂದ ಶಿಂಕನ್ಸೆನ್ ಅನ್ನೋ ಬುಲೆಟ್ ಟ್ರೈನಲ್ಲಿ ಒಕಾಯಾಮಾ, ಅಲ್ಲಿಂದ ಮರೀನ್ ಲೈನರ್ ಅನ್ನೋ ಟ್ರೈನ್, ಹೆಚ್ಚುಕಮ್ಮಿ ಒಂದು ಗಂಟೆ. ದಾರೀಲಿ 1988ರಲ್ಲಿ ಓಪನ್ ಆದ ಸೆತೊ ಸೇತುವೆ ಸಿಗುತ್ತೆ, ಮೇಲೆ ಕಾರು, ಕೆಳಗಡೆ ಟ್ರೈನ್, ಕಿಟಕಿ ಪಕ್ಕ ಕೂತ್ಕೊಂಡ್ರೆ ಸಮುದ್ರ, ಪುಟ್ಟ ಪುಟ್ಟ ದ್ವೀಪ. ದಾಟಿದ್ರೆ ಶಿಕೊಕು ದ್ವೀಪ. ತಕಮತ್ಸು ಇರೋ ಕಗಾವಾ ಜಪಾನಲ್ಲೇ ಅತಿ ಚಿಕ್ಕ ಪ್ರಾಂತ್ಯ, ಹಳೇ ಹೆಸರು ಸನುಕಿ. ಸನುಕಿ ಉಡೋನ್ ಅಂತಾರಲ್ಲ, ಅದರ ತವರು ಇದೇ. ಮಳೆ ಕಮ್ಮಿ ಇರೋ ಜಾಗ, ಅದಕ್ಕೇ ಊರೂರಿಗೂ ಕೆರೆ, ಭತ್ತಕ್ಕೆ ನೀರು ಸಾಲದೆ ಗೋಧಿ ಬೆಳೆದ್ರು, ಉಪ್ಪು ಕಡಲ ದಂಡೇಲೇ ಆಗ್ತಿತ್ತು, ಸೋಯಾ ಸಾಸ್ ಪಕ್ಕದ ಶೋದೊಶಿಮಾ ದ್ವೀಪದ್ದು. ನಮ್ಮ ಕಡೆ ಮಳೆ ಕಮ್ಮಿ ಇರೋ ಕಡೆ ರಾಗಿ ಮುದ್ದೆ ಬಂದ ಹಾಗೇ ಅನ್ಕೊಳ್ಳಿ.

ಮಾರನೇ ದಿನ ಹತ್ತು ಗಂಟೆಗೇ ಹೋದ್ವಿ. ಹನ್ನೊಂದೂವರೆ ಆದ್ಮೇಲೆ ಆಫೀಸ್ ಜನ ಬಂದು ಕ್ಯೂ ನಿಲ್ತಾರೆ, ಅಷ್ಟರಲ್ಲಿ ತಿಂದು ಎದ್ದುಬಿಡಿ. ಒಳಗೆ ಹೋದ ತಕ್ಷಣ ನನಗೆ ಅನ್ಸಿದ್ದು, ಇದು ನಮ್ಮ ದರ್ಶಿನಿನೇ ಕಣೋ ಅಂತ. ಟ್ರೇ ತಗೋ, ಹೇಳು, ದುಡ್ಡು ಕೊಡು, ತಿನ್ನು, ಪಾತ್ರೆ ತಂದು ವಾಪಸ್ ಇಡು. ಹತ್ತು ನಿಮಿಷದಲ್ಲಿ ಎಲ್ಲಾ ಮುಗೀತು. ಟೇಬಲ್ ಹಿಡ್ಕೊಂಡು ಹರಟೆ ಹೊಡೆಯೋ ಜಾಗ ಅಲ್ಲ ಇದು.

ಹೇಳೋದು ಎರಡೇ ವಿಷಯ: ಯಾವ ಥರದ್ದು, ಎಷ್ಟು. ಶೋ ಅಂದ್ರೆ ಚಿಕ್ಕದು, ಸಾಮಾನ್ಯವಾಗಿ ಒಂದು ಉಂಡೆ ನೂಡಲ್ಸ್, ದಾಯ್ ಅಂದ್ರೆ ದೊಡ್ಡದು. ಶೋನೇ ಸಾಕಾಗುತ್ತೆ, ದುರಾಸೆ ಪಡ್ಬೇಡಿ. ಕೆಲವು ಅಂಗಡೀಲಿ ಬೇಯಿಸಿ ತಣ್ಣೀರಲ್ಲಿ ತೊಳೆದಿಟ್ಟ ಉಂಡೆನ ಬಟ್ಟಲಿಗೆ ಹಾಕಿ ನಿಮ್ಮ ಕೈಗೆ ಕೊಟ್ಟುಬಿಡ್ತಾರೆ, ಮುಂದಿಂದು ನಿಮ್ಮ ಪಾಡು. ನಾನು ಬಟ್ಟಲು ಹಿಡ್ಕೊಂಡು ಪೆಕರನ ಥರ ನಿಂತಿದ್ದೆ, ಹಿಂದಿದ್ದ ಅಜ್ಜ ಒಬ್ರು ಏನೂ ಮಾತಾಡದೆ ಉದ್ದ ಹಿಡಿಯ ಜಾಲರಿ ತೆಗೆದು ಅದರೊಳಗೆ ನನ್ನ ನೂಡಲ್ಸ್ ಸುರಿದು, ಕುದಿಯೋ ನೀರಲ್ಲಿ ಅದ್ದಿ, ನಾಲ್ಕು ಸಲ ಅಲ್ಲಾಡಿಸಿ, ಎತ್ತಿ ಟಪ್ ಅಂತ ನೀರು ಕೊಡವಿ ವಾಪಸ್ ಬಟ್ಟಲಿಗೆ ಹಾಕಿದ್ರು. ಆಮೇಲೆ ಟ್ಯಾಂಕಿನ ನಲ್ಲಿ ತೋರ್ಸಿದ್ರು, ತಿರುಗಿಸಿದ್ರೆ ಬಿಸಿ ಸಾರು ಬರುತ್ತೆ. ಹೆಚ್ಚಿದ ಈರುಳ್ಳಿ ಸೊಪ್ಪು, ತುರಿದ ಶುಂಠಿ ಪಕ್ಕದಲ್ಲೇ ಇತ್ತು, ಬೇಕಾದಷ್ಟು ಹಾಕೊಳ್ಳಿ, ಅದಕ್ಕೆ ದುಡ್ಡಿಲ್ಲ. ಶೋ ಕಾಕೆ, ಅಂದ್ರೆ ಬರೀ ಬಿಸಿ ಸಾರಿಂದು, 350 ಯೆನ್ ಆಯ್ತು. ಚಿಲ್ಲರೆ ಇಟ್ಕೊಂಡಿರಿ, ಚಿಕ್ಕ ಅಂಗಡೀಲಿ ಕಾರ್ಡ್ ನಡೆಯುತ್ತೆ ಅಂತ ನಂಬ್ಕೊಂಡು ಹೋಗ್ಬೇಡಿ.

ಒಂದೊಂದು ಎಳೇನೂ ಪೆನ್ಸಿಲ್‌ಗಿಂತ ಸ್ವಲ್ಪ ಸಣ್ಣ ಅಷ್ಟೇ, ಹೊರಗೆ ನುಣ್ಣಗೆ, ಕಚ್ಚಿದ್ರೆ ಒಳಗೆ ರಬ್ಬರ್ ಥರ ಎಳೆಯುತ್ತೆ. ಈ ಎಳೆತಕ್ಕೇ ಕೊಶಿ ಅಂತಾರೆ, ಅದಕ್ಕೋಸ್ಕರಾನೇ ಹಿಟ್ಟನ್ನ ಕಾಲಲ್ಲಿ ತುಳಿಯೋದು. "ಶಾವಿಗೆ ಅಂದ್ಯಲ್ಲೋ, ಇದು ಸೇದೋ ಹಗ್ಗ" ಅಂದ್ಲು ಅಮ್ಮ. ಸೊರ್ ಅಂತ ಸದ್ದು ಮಾಡ್ಕೊಂಡು ತಿನ್ನಿ, ಅಲ್ಲಿ ಯಾರೂ ಮುಖ ಕಿವುಚಲ್ಲ.

ಈಗ ಸಸ್ಯಾಹಾರಿಗಳು ಗಮನ ಇಟ್ಟು ಓದಿ, ಅಮ್ಮನ್ನ ಕರ್ಕೊಂಡು ಹೋಗಿದ್ದಕ್ಕೇ ಇಷ್ಟು ಗೊತ್ತಾಗಿದ್ದು. ಮಾಂಸದ ತುಂಡು ಕಾಣಲಿಲ್ಲ ಅಂತ ಸಾರು ಹಾಕೊಂಡುಬಿಡ್ಬೇಡಿ. ಅದಕ್ಕೆ ದಾಶಿ ಅಂತಾರೆ, ಇಲ್ಲಿ ಅದನ್ನ ಇರಿಕೊ ಅನ್ನೋ ಒಣಗಿದ ಸಣ್ಣ ಮೀನಲ್ಲಿ ಕುದಿಸೋದು. ತೆಂಪುರಾದಲ್ಲಿ ಕುಂಬಳ, ಗೆಣಸು ಸಿಗುತ್ತೆ, ಥೇಟ್ ನಮ್ಮ ಬಜ್ಜಿನೇ, ಆದ್ರೆ ಸಿಗಡಿ ಕರಿದ ಎಣ್ಣೇಲೇ ಅದನ್ನೂ ಕರಿದಿರ್ತಾರೆ, ಹಿಟ್ಟಲ್ಲಿ ಮೊಟ್ಟೆನೂ ಇರಬಹುದು. ನೂಡಲ್ಸ್ ಮಾತ್ರ ಗೋಧಿ ಹಿಟ್ಟು, ಉಪ್ಪು, ನೀರು ಅಷ್ಟೇ. ಆದ್ರಿಂದ ಸಾರು ಬೇರೆ ಬಟ್ಟಲಲ್ಲಿ ಬರೋದನ್ನ ಕೇಳಿ: ತಣ್ಣಗೆ ಬೇಕಂದ್ರೆ ಝಾರು, ಬಿಸಿ ಬೇಕಂದ್ರೆ ಕಾಮಾಗೆ, ಅದು ಬಿಸಿನೀರಲ್ಲೇ ಬರುತ್ತೆ. "ತ್ಸುಯು ನಾಶಿ" ಅಂದ್ರೆ ಸಾರು ಬೇಡ ಅಂತ. ಟೇಬಲ್ ಮೇಲಿನ ಸೋಯಾ ಸಾಸ್ ಬಾಟಲಿನೂ ಫೋನಲ್ಲಿ ಟ್ರಾನ್ಸ್‌ಲೇಟ್ ಮಾಡಿ ನೋಡಿ, ನಾವು ನೋಡಿದ್ದರಲ್ಲಿ ಕತ್ಸುಒ ಅಂತ ಇತ್ತು, ಅದೂ ಮೀನೇ. ಬರೀ ಸೋಯಾ ಸಾಸ್‌ನ ಪುಟ್ಟ ಬಾಟಲಿ ಸೂಪರ್ ಮಾರ್ಕೆಟ್‌ನಲ್ಲಿ ಸಿಗುತ್ತೆ, ಬ್ಯಾಗಲ್ಲಿರಲಿ. ಅಮ್ಮ ಅವಳ ಬ್ಯಾಗಿಂದ ಚಟ್ನಿಪುಡಿ ಡಬ್ಬಿನೇ ತೆಗೆದ್ಲು. ನಾನು ನಾಚಿಕೆಯಿಂದ ತಲೆ ತಗ್ಗಿಸಿ ಕೂತೆ, ಕೌಂಟರ್ ಹಿಂದಿದ್ದ ಹೆಂಗಸು ಇಣುಕಿ ನೋಡಿ ನಕ್ರು, ಏನೂ ಅನ್ಲಿಲ್ಲ. ಹೊರಗಿನ ತಿಂಡಿ ತರೋದು ಅಲ್ಲಿ ಮರ್ಯಾದೆ ಅಲ್ಲ ಅಂತ ಗೊತ್ತು, ಆದ್ರೂ ಇನ್ನೊಂದು ಸಲ ಹೋದ್ರೂ ಅಮ್ಮ ಕೇಳೋಳಲ್ಲ.

ಇನ್ನೂ ಅರ್ಧ ದಿನ ಇದ್ರೆ ಕೊತೊದೆನ್ ಅನ್ನೋ ಲೋಕಲ್ ಟ್ರೈನ್ ಹಿಡಿದು ಕೊತೊಹಿರಾಗೆ ಹೋಗಿ, ಸುಮಾರು ಒಂದು ಗಂಟೆ. ಅಲ್ಲಿ ಬೆಟ್ಟದ ಮೇಲಿರೋ ದೇವಸ್ಥಾನದ ಮುಖ್ಯ ಗುಡಿಗೇ 785 ಮೆಟ್ಟಿಲು, ಒಳಗಿನ ಗುಡಿ ತನಕ 1368. ನಾವು 785ಕ್ಕೆ ಕೈಮುಗಿದು ಇಳಿದ್ವಿ. ಮಂಡಿ ನೋವಿರೋರು ಕೆಳಗಡೆ ಉಡೋನ್ ಮಾಡೋದು ಕಲಿಸೋ ಕ್ಲಾಸಿಗೆ ಸೇರಬಹುದು, ಹಾಡು ಹಾಕಿ ಕುಣಿಸ್ಕೊಂಡು ಹಿಟ್ಟು ತುಳಿಸ್ತಾರೆ. ಅಲ್ಲಾದ್ರೂ ಮಂಡಿಗೆ ಕೆಲಸ ತಪ್ಪಲ್ಲ, ಹೇಳಿರ್ತೀನಿ.

ಊರಿಗೆ ತರೋಕೆ ಒಣಗಿಸಿದ ಉಡೋನ್ ಪ್ಯಾಕೆಟ್ ತಗೊಳ್ಳಿ, ಸಾರಿನ ಸ್ಯಾಚೆ ಇಲ್ಲದ್ದೇ ನೋಡಿ. ನಾವು ಮೂರು ತಂದ್ವಿ. ಪ್ಯಾಕೆಟ್ ಮೇಲೆ ಬರೆದಷ್ಟು ನಿಮಿಷ ಪೂರ್ತಿ ಬೇಯಿಸಿ, ಇಳಿಸಿದ ತಕ್ಷಣ ತಣ್ಣೀರಲ್ಲಿ ಚೆನ್ನಾಗಿ ಉಜ್ಜಿ ತೊಳೀಬೇಕು. ಅಮ್ಮ ಮೊದಲ ಸಲ ತೊಳೀದೆ ಹಾಗೇ ಬೇಳೆ ಸಾರಿಗೆ ಹಾಕಿದ್ಲು, ಎಲ್ಲಾ ಅಂಟಿ ಗಂಜಿ ಆಯ್ತು. ಎರಡನೇ ಸಲ ತೊಳೆದು ಹಾಕಿದ್ಲು, ಆಗ ಸರಿ ಬಂತು.